ಅಡಿಯಲ್ಲಿ ಹೆಸರಿಲ್ಲದ ಟ್ರೇ

ಫೆಬ್ರವರಿ ೨೮, ಮಂಗಳವಾರ. ಬೆಳಗ್ಗೆ ೫

ಸಮಸ್ತ ಲೋಕಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಇಂದು ಮುಂಜಾನೆಯಿಂದ ಜಾರಿಗೆ ಬರುವಂತೆ, ಡಿಲೈಲಾ ಫ್ರಾಸ್ಟ್ ವಿರಚಿತ ಸಕಲ ಶೃಂಗಾರ ಕಾದಂಬರಿಗಳಿಂದ ‘ಬಿಸಿಯುಸಿರು’ ಎಂಬ ಪದವನ್ನು ಗಡೀಪಾರು ಮಾಡಲಾಗಿದೆ. ಒಂದೇ ಅಧ್ಯಾಯದಲ್ಲಿ ಎಷ್ಟು ಸಲ ಬಂದಿದೆಯೆಂದರೆ, ನಾಯಕಿಯೋ ಇಸ್ತ್ರಿಪೆಟ್ಟಿಗೆಯೋ ತಿಳಿಯುತ್ತಿಲ್ಲ. ಬದಲಿಗೆ ಯಾವ ಪದ? ಹೊಳೆದಿಲ್ಲ. ಸದ್ಯಕ್ಕೆ ಪುಸ್ತಕದಲ್ಲಿ ಯಾರೂ ಉಸಿರಾಡುವ ಹಾಗಿಲ್ಲ.

ಒಂಬತ್ತನೇ ಪುಸ್ತಕ, ನಾಲ್ಕನೇ ಅಧ್ಯಾಯ. ಮರ ಕಡಿಯುವ ನೀಲ್ಸ್ ಈಗ ಮೀನು ಹಿಡಿಯುವ ಗುಡಿಸಲಿನಲ್ಲಿದ್ದಾನೆ. ಒಂದು ಕೈ ನಾಯಕಿಯ ಬೆನ್ನ ಮೇಲೆ. ಒಂದು ಕೈ ಕೂದಲಲ್ಲಿ. ಇನ್ನೊಂದು ಕೈಯಲ್ಲಿ ಲಾಂದ್ರ. ಒಟ್ಟು ಮೂರು. ಲಾಂದ್ರವನ್ನು ಮೊಳೆಗೆ ತೂಗುಹಾಕಿದೆ. ಈ ಕಸುಬಿನಲ್ಲಿ ಶೃಂಗಾರ ಕಾಲುಭಾಗ. ಉಳಿದದ್ದೆಲ್ಲ ಮನೆ ಬದಲಾಯಿಸುವಾಗಿನ ಸಾಮಾನು ಸಾಗಣೆ.

ಬೆಳಗ್ಗೆ ಎಂಟರಿಂದ ನಾನು ಬೇರೆ ಹೆಂಗಸು. ಲೂಥರನ್ ಚರ್ಚಿನ ಸೆಕ್ರೆಟರಿ ಮಾರ್ಲಿಸ್ ಥಾರ್ಸನ್. ಭಾನುವಾರದ ಪ್ರಾರ್ಥನೆಯ ಹಾಳೆ ಟೈಪು ಮಾಡುವವಳು, ಬೂದು ಸ್ವೆಟರಿನವಳು. ಡಿಲೈಲಾ, ಮಾರ್ಲಿಸ್ ಇಬ್ಬರೂ ಒಬ್ಬಳೇ ಎಂಬುದು ಗಂಡ ಆರ್ವಿಡ್‌ಗೆ ಮಾತ್ರ ಗೊತ್ತು. ಅವನು ಹಿಮ ತಳ್ಳುವ ಟ್ರಕ್ಕು ಓಡಿಸುತ್ತಾನೆ. ಆಸ್ಪತ್ರೆ, ಗುಳಿಗೆಗಳ ವಿಮೆ ನನ್ನ ಚರ್ಚಿನ ಕೆಲಸದ್ದು, ಅವನ ಹೃದಯವೂ ಅದರ ಮೇಲೇ ನಡೆದಿದೆ. ಆದ್ದರಿಂದ ಗುಟ್ಟು ಕಾಪಾಡುತ್ತಾನೆ. ಆದರೆ ಈ ಡೈರಿ ಕದ್ದು ಓದುತ್ತಾನೆ ಎಂದು ಗುಮಾನಿ. ಶುಕ್ರವಾರದ ಪುಟದ ಮೇಲೆ ಸಾಸಿವೆ ಸಾಸ್. ನಾನು ಸಾಸಿವೆ ಮುಟ್ಟುವುದಿಲ್ಲ.

ಓದುಗರಿಗೆ ಇಮೇಲ್ ಹೋಯಿತು. ನಮ್ಮ ಕಸುಬಿನ ರೂಢಿ — ಹೊಸ ಪುಸ್ತಕದ ಸುದ್ದಿ ಹೇಳಿ ಜನರ ಕಿವಿ ಕೆಂಪಾಗಿಸಿದ ಮೇಲೆ ಕೊನೆಯಲ್ಲೊಂದು ಅಡುಗೆ ಕೊಡಬೇಕು. ಈ ಸಲ ಅಜ್ಜಿಯ ನಿಂಬೆ ಬಾರ್. ಟ್ರೇಯಲ್ಲಿ ಬೇಯಿಸಿ ಚೌಕ ಕತ್ತರಿಸುವ ಸಿಹಿ. ಆದರೆ ಅಜ್ಜಿಯ ಕೈರುಚಿ ಜಿಲ್ಲೆಗೆಲ್ಲ ಪರಿಚಯ. ಗುರುತು ಸಿಗದಿರಲೆಂದು ಒಂದು ದೊಡ್ಡ ಚಮಚ ಕಾಳುಮೆಣಸಿನ ಪುಡಿ ಸೇರಿಸಿದೆ. ಯಾರು ಮಾಡಿ ತಿನ್ನುತ್ತಾರೆ?


ಮಾರ್ಚ್ ೨, ಗುರುವಾರ

ಯಾರೋ ಮಾಡಿದ್ದಾರೆ.

ನಿನ್ನೆ ಬುಧವಾರ. ಈಸ್ಟರ್ ಬರುವವರೆಗೆ ಬುಧವಾರವೆಂದರೆ ಚರ್ಚಿನ ನೆಲಮಾಳಿಗೆಯಲ್ಲಿ ಸೂಪಿನ ಊಟ. ಹಿಂಬಾಗಿಲಿನಿಂದ ಇಳಿದೆ. ಚಳಿಗೆ ಉಬ್ಬಿದೆ ಆ ಬಾಗಿಲು. ಹಿಡಿ ಮೇಲಕ್ಕೆತ್ತಿ, ಬುಡಕ್ಕೊಂದು ಒದ್ದು, ಸೊಂಟದಿಂದ ತಳ್ಳಬೇಕು. ಎಂಟನೇ ಪುಸ್ತಕಕ್ಕೆ ಇದೇ ಬಾಗಿಲನ್ನು ಎತ್ತಿಹಾಕಿದ್ದೇನೆ. ನಾಯಕಿ ಸೊಂಟದಿಂದ ತಳ್ಳಿದ್ದು ನೋಡಿಯೇ ನೀಲ್ಸ್ ಮನಸೋತದ್ದು.

ಸೂಪು ಮುಗಿಸಿ ನಿಂಬೆ ಬಾರ್ ಬಾಯಿಗಿಟ್ಟೆ. ಗಂಟಲಿಗೆ ಬೆಂಕಿ. ಕಾಳುಮೆಣಸು! ಹಾಲಿಗೂ ಖಾರ ಎನ್ನುವ ನಮ್ಮೂರಲ್ಲಿ!

ಸುತ್ತ ನೋಡಿದೆ. ಹೆಚ್ಚುಕಡಿಮೆ ಎಲ್ಲರೂ ಕೆಮ್ಮುತ್ತಿದ್ದಾರೆ, ಕಾಫಿ ಕುಡಿಯುತ್ತಿದ್ದಾರೆ, ಮಾಡಿದವಳಿಗೆ ಬೇಸರವಾಗದಿರಲೆಂದು ಇನ್ನೊಂದು ತುಂಡು ತೆಗೆದುಕೊಳ್ಳುತ್ತಿದ್ದಾರೆ. ಮೆಲ್ಲಗೆ ಟ್ರೇ ಎತ್ತಿ ಅಡಿ ನೋಡಿದೆ. ಇಲ್ಲಿ ಯಾವ ಹೆಂಗಸೂ ಅಡಿಯಲ್ಲಿ ಟೇಪು ಅಂಟಿಸಿ ಹೆಸರು ಬರೆಯದೆ ಟ್ರೇ ತರುವುದಿಲ್ಲ. ಮಕ್ಕಳನ್ನಾದರೂ ಹೆಸರಿಡದೆ ಕರೆತಂದಾರು.

ಟೇಪು ಇರಲಿಲ್ಲ.

"ಏನೇ ಹುಡುಕ್ತಿದೀಯಾ, ಮಾರ್ಲಿಸ್?"

ವರ್ನಾ ಓಸ್ಟ್‌ಬಿ. ಅಡುಗೆಮನೆಯ ಚಕ್ರವರ್ತಿನಿ. ಚರ್ಚಿನಲ್ಲಿ ಯಾರು ಕೆಲಸಕ್ಕಿರಬೇಕು, ಯಾರು ಬೇಡ ಎಂದು ತೀರ್ಮಾನಿಸುವ ಸಮಿತಿಗೂ ಅವರೇ ಮುಖ್ಯಸ್ಥೆ. ಹಿಂದಿನ ಸೆಕ್ರೆಟರಿಯ ಕಾಫಿ ಕಪ್ಪನ್ನು ಒಮ್ಮೆ ಮೂಸಿ ನೋಡಿದರು. ಮುಂದಿನ ಸೋಮವಾರ ಆ ಕೆಲಸಕ್ಕೆ ನನ್ನನ್ನು ಕರೆದರು.

"ಯಾರ ಟ್ರೇ ಅಂತ ನೋಡ್ತಿದ್ದೆ."

"ಯಾಕೆ, ಚೆನ್ನಾಗಿಲ್ವಾ?"

"ಒಂಥರಾ... ಬೇರೆ ಥರ ಇದೆ."

ನಮ್ಮ ಮಿನೆಸೋಟದಲ್ಲಿ ‘ಬೇರೆ ಥರ ಇದೆ’ ಎಂದರೆ ಮರಣದಂಡನೆ. ವರ್ನಾ ತಲೆಯಾಡಿಸಿ, ಜಿಪ್ ಇರುವ ತಮ್ಮ ಕಪ್ಪು ಬೈಬಲ್ ಚೀಲ ಕಂಕುಳಿಗೇರಿಸಿ ಹೊರಟರು. ಅವರ ಗಂಡ ಹಾಲ್ವರ್ ಆರೈಕೆ ಮನೆಯಲ್ಲಿದ್ದಾರೆ. ಪಾರ್ಶ್ವವಾಯು ಬಡಿದ ಮೇಲೆ ಒಂದು ಮಾತೂ ಆಡಿಲ್ಲವಂತೆ. ವರ್ನಾ ದಿನಾ ಹೋಗಿ ಓದಿ ಹೇಳುತ್ತಾರಂತೆ. ಪಾಪ.

ಅಂದರೆ ಆ ನೆಲಮಾಳಿಗೆಯಲ್ಲಿ ಡಿಲೈಲಾಳ ಓದುಗಿತ್ತಿಯೊಬ್ಬಳು ಕೂತು ಸೂಪು ಕುಡಿಯುತ್ತಿದ್ದಾಳೆ. ಬಾಗಿಲು ಗುರುತು ಹಿಡಿದಳೆಂದರೆ? ಮರುದಿನ ಸಮಿತಿ. ಅದರ ಮರುದಿನ ಆರ್ವಿಡ್‌ನ ಗುಳಿಗೆಗಳು...


ಮಾರ್ಚ್ ೪, ಶನಿವಾರ

ಶಂಕಿತರು. ಪಾಸ್ಟರ್ ಹೆಂಡತಿ ಬ್ರಿಟಾ — "ಅಯ್ಯೋ, ಪುಸ್ತಕ ಮುಟ್ಟೋಕೂ ನನಗೆ ಟೈಮಿಲ್ಲ ಕಣೇ" ಎಂದು ಯಾರೂ ಕೇಳದೆ ಎರಡು ಸಲ ಹೇಳಿದಳು. ಆರ್ಗನ್ ನುಡಿಸುವ ಡೊರೀನ್ — ಮೆಣಸಿನ ಬಾರ್ ತಿಂದೂ ಕೆಮ್ಮಲಿಲ್ಲ. ಅಭ್ಯಾಸವಿದ್ದವಳ ಹಾಗೆ. ವರ್ನಾ — ಹೆಸರು ಬರೆದು ನಾನೇ ನಕ್ಕು ಹೊಡೆದುಹಾಕಿದೆ.

ಆರ್ವಿಡ್‌ಗೆ ಹೇಳಿದೆ.

"ಓದೋರು ಓದ್ಲಿ ಬಿಡೇ. ಓದಿದ್ದು ಅವಳಿಗೂ ಗುಟ್ಟೇ ತಾನೆ?"

"ಅವಳ ಗುಟ್ಟು ಹೊರಬಿದ್ರೆ ನಾಚಿಕೆ. ನನ್ನದು ಬಿದ್ರೆ ನಿನ್ನ ಗುಳಿಗೆ."

"ಹಾಗಾದ್ರೆ ಬಲೆ ಹಾಕು," ಎಂದ. ಬಿಡುವಿದ್ದಾಗಲೆಲ್ಲ ಮೀನು ಹಿಡಿಯುವವನಿಗೆ ಬೇರೆ ಏನು ಹೊಳೆದೀತು?

ಹಾಕಿದೆ. ಓದುಗರಿಗೆ ಇನ್ನೊಂದು ಇಮೇಲ್. ‘ಡಿಲೈಲಾಳ ನಿಷಿದ್ಧ ಚಾಕಲೇಟ್ ಕೇಕ್’. ಹಿಟ್ಟು, ಕೋಕೋ, ಸಕ್ಕರೆ, ಮತ್ತು ಸೌತೆಕಾಯಿ ಉಪ್ಪಿನಕಾಯಿ ಬಾಟಲಿಯ ಅರ್ಧ ಬಟ್ಟಲು ನೀರು. ಬುದ್ಧಿ ಸ್ಥಿಮಿತದಲ್ಲಿರುವವರು ಮಾಡಲಾರರು. ಬುಧವಾರ ಯಾವಳು ತರುತ್ತಾಳೋ ಅವಳೇ.


ಮಾರ್ಚ್ ೯, ಗುರುವಾರ

ಐದು ಕೇಕು.

ಐದು! ನಿನ್ನೆಯ ಊಟಕ್ಕೆ, ಸಾಲಾಗಿ ಮೇಜಿನ ಮೇಲೆ. ಎಲ್ಲಕ್ಕೂ ಒಂದೇ ವಾಸನೆ — ಜಾತ್ರೆಯಲ್ಲಿ ಉಪ್ಪಿನಕಾಯಿ ಭರಣಿ ಒಡೆದ ಹಾಗೆ. ತಂದ ಐವರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಬ್ಬರ ಕೇಕನ್ನೊಬ್ಬರು ನೋಡಿದರು.

"ನಿನಗೆಲ್ಲಿ ಸಿಕ್ತು ಈ ಕೇಕು?" ಎಂದಳು ಬ್ರಿಟಾ.

"ನಮ್ಮಜ್ಜಿದು," ಎಂದಳು ಡೊರೀನ್. "ನಿನಗೆ?"

"ನಮ್ಮಜ್ಜಿದೇ."

"ನಿಮ್ಮಜ್ಜಿ ಸ್ವೀಡನ್ನಿನವಳಲ್ವೇನೇ? ನಮ್ಮಜ್ಜಿ ನಾರ್ವೆ."

"ಅಕ್ಕಪಕ್ಕದ ದೇಶ ತಾನೆ!"

ಉಳಿದ ಮೂವರ ಅಜ್ಜಿಯರೂ ಕ್ಷಣಾರ್ಧದಲ್ಲಿ ಗೋರಿಯಿಂದೆದ್ದು ಬಂದು ಸಾಕ್ಷಿ ನುಡಿದರು. ಪಾಸ್ಟರ್ ಒಂದು ತುಂಡು ತಿಂದು, "ನಮ್ಮ ಹೆಂಗಸರಲ್ಲಿ ಎಂಥಾ ಒಗ್ಗಟ್ಟು!" ಎಂದರು. ಡೊರೀನ್ ಆರ್ಗನ್ನಿಗೆ ಓಡಿದಳು.

ಒಬ್ಬ ಓದುಗಿತ್ತಿಗೆ ಬಲೆ ಹಾಕಿದರೆ ಹಿಂಡೇ ಬಿತ್ತು. ಲೇಖಕಿಯಾಗಿ ಹಿಗ್ಗು, ಸೆಕ್ರೆಟರಿಯಾಗಿ ಬೆವರು. ಇವರಲ್ಲಿ ಮೆಣಸಿನ ಬಾರ್ ಯಾರದ್ದು? ವರ್ನಾ ಏನನ್ನೂ ತಂದಿರಲಿಲ್ಲ. ಗೋಡೆಗೊರಗಿ ನಿಂತಿದ್ದರು. ಕೇಕುಗಳನ್ನು ನೋಡುತ್ತಿರಲಿಲ್ಲ.

ನನ್ನನ್ನು ನೋಡುತ್ತಿದ್ದರು.

ಇಂದು ಹತ್ತು ಗಂಟೆಗೆ ಆಫೀಸಿಗೆ ಬಂದು ಬಾಗಿಲು ಹಾಕಿದರು. ಕೂರಲಿಲ್ಲ.

"ನಾಳೆ ನಾಲ್ಕಕ್ಕೆ ನಿನ್ನ ಮನೆಗೆ ಬರ್ತೀನಿ. ಕಾಫಿ ಇಟ್ಟಿರು."

"ಏನಾದ್ರೂ ವಿಷಯಾನಾ?"

"ವಿಷಯ ಇಲ್ದೆ ನಾನು ಯಾವತ್ತು ಯಾರ ಮನೆಗೆ ಹೋಗಿದೀನಿ?"


ಮಾರ್ಚ್ ೧೦, ಶುಕ್ರವಾರ

ಹಿಮಗಾಳಿ. ರಸ್ತೆ ಬಂದ್. ವರ್ನಾ ಫೋನು: "ಮುಂದಿನ ಶುಕ್ರವಾರ." ಇಟ್ಟರು. ನೇಣಿಗೂ ಮುಂದಿನ ತಾರೀಖು.


ಮಾರ್ಚ್ ೧೩

ಒಂದು ಸಾಲೂ ಬರೆದಿಲ್ಲ. ನೀಲ್ಸ್ ಮೊಳೆಯ ಕೆಳಗೆ ನಿಂತೇ ಇದ್ದಾನೆ. ಎರಡೂ ಕೈ ಜೇಬಿನಲ್ಲಿ.


ಮಾರ್ಚ್ ೧೬, ಗುರುವಾರ

ನಿನ್ನೆಯ ಊಟಕ್ಕೆ ಹೋಗಲಿಲ್ಲ. ತಲೆನೋವೆಂದೆ. ಐವರೂ ಅಂಗಡಿಯ ಬಿಸ್ಕತ್ತು ತಂದಿದ್ದರಂತೆ. ಎಲ್ಲ ಪುಸ್ತಕಗಳನ್ನೂ ಅಳಿಸಿಹಾಕಿಬಿಡಲೇ ಎಂದು ಆರ್ವಿಡ್‌ನನ್ನು ಕೇಳಿದೆ. "ಕಾರಿಗೆ ಹೊಸ ಟೈರ್ ಹಾಕಿಸಿದ್ದು ನೀಲ್ಸ್ ದುಡಿದ ದುಡ್ಡು. ಅವನನ್ನ ಕೇಳು," ಎಂದ. ಆಮೇಲೆ ತಡೆದು, "ಗುಳಿಗೆಗೆ ಏನಾದ್ರೂ ಮಾಡೋಣ. ನೀನು ಸುಳ್ಳು ಮಾತ್ರ ಹೇಳ್ಬೇಡ," ಎಂದ. ಡೈರಿ ಕದಿಯುವವನ ಬಾಯಲ್ಲಿ ಎಂಥ ನೀತಿ.


ಮಾರ್ಚ್ ೧೭, ಶುಕ್ರವಾರ. ಸಂಜೆ

ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ಟ್ರೇ. ಕಂಕುಳಲ್ಲಿ ಬೈಬಲ್ ಚೀಲ. ಧರ್ಮ, ಸಿಹಿ ಎರಡೂ ತಂದಿದ್ದಾರೆಂದರೆ ಕೆಲಸ ಹೋದಂತೆಯೇ ಎಂದುಕೊಂಡೆ.

ಕಾಫಿ ಕುಡಿದರು. ಎರಡನೇ ಕಪ್ಪು ಬೇಡವೆಂದರು, ಮತ್ತೆ ಬೇಡವೆಂದರು, ಕುಡಿದರು. ಆಮೇಲೆ ಚೀಲದ ಜಿಪ್ ಎಳೆದರು.

ಬೈಬಲ್ ಇರಲಿಲ್ಲ. ಪುಸ್ತಕ ಓದುವ ಟ್ಯಾಬ್ಲೆಟ್ ಇತ್ತು. ಅದರ ಪರದೆಯ ಮೇಲೆ ನನ್ನ ಪುಸ್ತಕದ ಮುಖಪುಟ, ಅಂಗಿಯಿಲ್ಲದ ನೀಲ್ಸ್.

"ಕೀರ್ತನೆಗಳನ್ನ ಓದಿದೆ. ಹಾಲ್ವರ್ ಗೋಡೆ ನೋಡ್ತಿದ್ದ," ಎಂದರು. "ಹವಾಮಾನ ಓದಿದೆ. ಗೋಡೆನೇ. ಇದನ್ನ ಓದಿದೆ. ನನ್ನ ಕಡೆ ತಿರುಗಿದ."

ಕೈಯಲ್ಲಿದ್ದ ಕಾಫಿ ಜಗ್ಗು ಮೇಜಿಗಿಟ್ಟೆ.

"ಆ ಬಾಗಿಲಿನ ಅಧ್ಯಾಯ ಬಂತು. ಹಿಡಿ ಎತ್ತಿ, ಒದ್ದು, ಸೊಂಟದಿಂದ ತಳ್ಳೋದು. ‘ನನ್ನ ಬಾಗಿಲು’ ಅಂದ ಕಣೇ. ಅಷ್ಟು ತಿಂಗಳಾದ ಮೇಲೆ ಮೊದಲ್ನೇ ಮಾತು. ಬಡಗಿ ಅಲ್ವಾ, ಚರ್ಚಿಗೆ ಆ ಬಾಗಿಲು ಕೂರಿಸಿದ್ದು ಅವನೇ."

ಕಪ್ಪನ್ನು ಬಸಿಯ ಮೇಲೆ ಸರಿಯಾಗಿ ಮಧ್ಯಕ್ಕೆ ಸರಿಸಿಟ್ಟರು.

"ಅಂದ್ಮೇಲೆ ಬರೆದೋಳು ಆ ಬಾಗಿಲಿಂದ ಓಡಾಡೋಳೇ. ಮೆಣಸಿನ ಬಾರ್ ಮಾಡಿ ಟೇಪು ಕಿತ್ತು ಇಟ್ಟೆ. ತಿಂದೋರೆಲ್ಲ ಕಾಫಿ ಹುಡುಕಿದ್ರು. ನೀನೊಬ್ಬಳು ಹೆಸರು ಹುಡುಕಿದೆ."

ನಾನು ಬಲೆ ಹಾಕುವ ಮೊದಲೇ ಬಲೆಯಲ್ಲಿದ್ದೆ!

"ಸಮಿತಿಗೆ ಹೇಳ್ತೀರಾ?"

"ಬರೆಯೋದು ಚರ್ಚಿನ ಕಂಪ್ಯೂಟರಲ್ಲಾ?"

"ಇಲ್ಲ. ಮನೇಲಿ. ಬೆಳಗ್ಗೆ ಐದರಿಂದ ಏಳು."

"ಮತ್ತೆ ಸಮಿತಿಗೇನು ಕೆಲಸ ಅದರಲ್ಲಿ?" ಎಂದರು, ನಾನೇ ಅವರ ಮೇಲೆ ಆಪಾದನೆ ಹೊರಿಸಿದ ಹಾಗೆ. "ಎರಡು ವಿಷಯ. ಆ ‘ಬಿಸಿಯುಸಿರು’ ಕಡಿಮೆ ಮಾಡು. ಜೋರಾಗಿ ಓದೋಕೆ ಹೋದ್ರೆ ನನಗೆ ಉಬ್ಬಸ ಬರುತ್ತೆ."

"ಗಡೀಪಾರು ಮಾಡಿದೀನಿ. ಇನ್ನೊಂದು?"

"ಮುಂದಿನ ಪುಸ್ತಕದಲ್ಲಿ ಬಾಗಿಲು ಇರ್ಬೇಕು. ಕಿಟಕಿ, ಕಪಾಟು, ಏನು ಬೇಕಾದ್ರೂ ಹಾಕು. ಮರದ್ದಾಗಿರ್ಲಿ. ಅವನ ಹತ್ರ ಇನ್ನೂ ಮಾತಿದೆ." ಎದ್ದು ಕೋಟು ಹಾಕಿಕೊಂಡರು. "ಬರೆದಷ್ಟು ತಗೊಂಡು ಬಾ. ಕಾರಲ್ಲಿ ಕಾಯ್ತೀನಿ. ಇವತ್ತು ನೀನೇ ಓದು."

ಕಾಯಲಿ. ಐದು ನಿಮಿಷ. ವರ್ನಾರನ್ನು ನಂಬುವುದು ಹೇಗೆ? ನಾಳೆ ಮನಸ್ಸು ಬದಲಾದರೆ? ಯಾರೋ ಕೇಳಿದಾಗ ಬಾಯಿ ಜಾರಿದರೆ? ಟ್ರೇಗೆ ಮುಚ್ಚಿದ್ದ ಬಟ್ಟೆ ತೆಗೆದೆ. ನಿಂಬೆ ಬಾರ್. ಮೂಸಿದೆ — ಮೆಣಸಿಲ್ಲ. ಸುಮ್ಮನೆ ಗುಮಾನಿಗೆಂದು ಟ್ರೇ ಎತ್ತಿ ಅಡಿ ನೋಡಿದೆ.

ಹೊಸ ಟೇಪು. ದಪ್ಪ ಅಕ್ಷರ. ‘ವರ್ನಾ ಓಸ್ಟ್‌ಬಿ’. ಅದರ ಕೆಳಗೆ, ಸಣ್ಣದಾಗಿ — ‘ಓದುಗಿತ್ತಿ’.

ಹಾರ್ನ್ ಹೊಡೆಯುತ್ತಿದ್ದಾರೆ. ನಾಲ್ಕನೇ ಅಧ್ಯಾಯ ಮುದ್ರಿಸಿಕೊಂಡೆ. ಮೊಳೆಯನ್ನು ಮರದ ಗೂಟ ಮಾಡಿದ್ದೇನೆ.

ಆರ್ವಿಡ್, ನೀನೇ ಓದುತ್ತಿರುವುದು, ಗೊತ್ತು. ಬಾರ್‌ಗಳನ್ನು ಡಬ್ಬಿಗೆ ಹಾಕಿ ಟ್ರೇ ತೊಳೆದಿಡು. ಖಾಲಿ ಟ್ರೇ ವಾಪಸು ಕೊಡಬಾರದು, ಅದಕ್ಕೇನಾದರೂ ನಾಳೆ ಮಾಡುತ್ತೇನೆ. ನೆನೆಸಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಡಿಯ ಟೇಪು ಮಾತ್ರ ಕೀಳಬೇಡ.