ನಾಲ್ಕು ಕಲ್ಲು

ಬೋಲ್ಗಾಟಂಗಾ
ನವೆಂಬರ್ ೨೩

ಪ್ರೀತಿಯ ಪೋಕಾ,

ಅವ್ವ ಬುಟ್ಟಿ ಹೆಣೆಯುತ್ತಾ ಹೇಳಿಕೊಳ್ಳುತ್ತಿದ್ದ ಹಾಡಿನ ಒಂದು ಸಾಲು ನಾಲ್ಕು ದಿನದಿಂದ ತಲೆ ಬಿಟ್ಟು ಹೋಗುತ್ತಿಲ್ಲ. ‘ದಕ್ಷಿಣಕ್ಕೆ ಹೋದವಳ ಬುಟ್ಟಿ ಹಗುರಾಗಿ ಬಾರದು.’ ಇದರ ಹಿಂದಿನ ಸಾಲು ಯಾವುದು, ಮುಂದಿನದು ಯಾವುದು, ಎರಡೂ ಮರೆತಿದೆ. ಚಿಕ್ಕಂದಿನಲ್ಲಿ ಅದನ್ನು ಹಾರೈಕೆ ಎಂದುಕೊಂಡಿದ್ದೆ. ಈಗ ಅಪ್ಪಣೆಯ ಹಾಗೆ ಕೇಳಿಸುತ್ತದೆ. ಕಟ್ಟಿದವಳು ಯಾರೋ, ದಕ್ಷಿಣದ ಬಸ್ಸು ಹತ್ತಿದವಳಂತೂ ಅಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ. ನೀನು ನಕ್ಕೆ ಎಂದು ನಾನೂ ನಗುತ್ತೇನೆ. ಅಷ್ಟರಲ್ಲಿ ಇಬ್ಬರಲ್ಲೊಬ್ಬರ ದುಡ್ಡು ಮುಗಿದು ಮಾತು ನಿಲ್ಲುತ್ತದೆ. ಅದಕ್ಕೇ ಈ ಕಾಗದವನ್ನು ಬಸ್ಸಿನವನ ಕೈಯಲ್ಲಿ ಅಕ್ರಾದ ನಿನ್ನ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ನಿಂತುಕೊಂಡು ಓದಬೇಡ.

ಅವ್ವನ ಕೊನೆಯ ಕರ್ಮ ಜನವರಿ ಮೊದಲ ವಾರಕ್ಕೆ ನಿಂತಿದೆ. ಮಳೆಗಾಲದಲ್ಲಿ ಅವಳನ್ನು ಮಣ್ಣಿಗಿಟ್ಟಾಗ ನೀನು ರಜೆ ಸಿಗಲಿಲ್ಲ ಎಂದೆ. ಯಾರೂ ಏನೂ ಅನ್ನಲಿಲ್ಲ. ಈ ಸಲ ಹಾಗಲ್ಲ. ಅವ್ವನ ಕೋಣೆಯ ತೊಲೆಯಲ್ಲಿ ಸೋರೆಬುರುಡೆಗಳ ಬಲೆ ಹಾಗೆಯೇ ತೂಗುತ್ತಿದೆ. ನಮ್ಮ ಮನೆಯಲ್ಲಿ ಅದನ್ನು ಹೆಣ್ಣುಮಕ್ಕಳೆಲ್ಲ ಕೈ ಸೇರಿಸಿ ಇಳಿಸಬೇಕು, ಆಮೇಲೆ ಸುಡಬೇಕು. ಒಬ್ಬಳು ಬರದಿದ್ದರೂ ಬಲೆ ಇಳಿಯುವುದಿಲ್ಲ. ಅದು ಇಳಿಯುವ ತನಕ ಅವ್ವ ಹಿರಿಯರ ಮನೆಯ ಹೊಸ್ತಿಲಲ್ಲೇ ನಿಂತಿರಬೇಕು. ನಾನು ಇಷ್ಟೆಲ್ಲ ಓದಿಯೂ ಇದನ್ನು ನಂಬುತ್ತೇನೆಯೇ ಎಂದು ನೀನು ಕೇಳಬಹುದು. ಆ ಕೋಣೆಗೆ ಹೋಗಿ ತಲೆಯೆತ್ತಿ ನೋಡಿದಾಗ ನಂಬುತ್ತೇನೆ.

ಅಕ್ಟೋಬರಿನಲ್ಲಿ ದೊಡ್ಡಪ್ಪ ಅಟುಬಿಗಾ ಕರ್ಮದ ಖರ್ಚು ಹಂಚುವ ಕಲ್ಲು ಇಡಲು ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂಡಿಸಿದ. ನಿನಗೆ ಗೊತ್ತಲ್ಲ, ಮೊದಲ ಕಲ್ಲಿಗೆ ಒಂದು ಮೇಕೆ, ಅದರ ಮೇಲಿನ ಕಲ್ಲುಗಳಿಗೆ ಕಾಳು, ಪಿಟೋ ಹೆಂಡ, ಡೋಲಿನವರ ಊಟ. ಊರಲ್ಲೇ ಉಳಿದವರಿಗೆ ಒಂದು ಕಲ್ಲು, ಬೋಲ್ಗಾದಲ್ಲಿ ಸರ್ಕಾರಿ ಸಂಬಳ ತಿನ್ನುವವರಿಗೆ ಎರಡು, ದಕ್ಷಿಣದ ದಾರಿಯ ಕುಮಾಸಿಯಲ್ಲಿರುವವರಿಗೆ ಮೂರು. ನಿನ್ನ ಹೆಸರು ಬಂದಾಗ ದೊಡ್ಡಪ್ಪ ಮೂರು ಇಟ್ಟು ನಿಲ್ಲಿಸಿದ. ಆಗ ಅವನ ಮಗ ಫೋನು ತೆಗೆದು ನೀನು ಈಸ್ಟರಿಗೆ ಕಳಿಸಿದ ಫೋಟೋ ತೋರಿಸಿದ. ಕೆಂಪು ಸೋಫಾದ ಮೇಲೆ ಕೂತಿದ್ದೀಯ, ಹಿಂದೆ ಆಳೆತ್ತರದ ಫ್ರಿಜ್ಜು. ಫೋನು ಕೈಯಿಂದ ಕೈಗೆ ಹೋಯಿತು. ಚಿಕ್ಕಮ್ಮಂದಿರು ಸೋಫಾವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ದೊಡ್ಡಪ್ಪ ನಾಲ್ಕನೆಯ ಕಲ್ಲು ಇಟ್ಟ.

ನಾನು ಅಲ್ಲೇ ಇದ್ದೆ ಪೋಕಾ. ಸರ್ಕಾರದ ಸಂಬಳದ ಪಟ್ಟಿಯಲ್ಲಿ ಬೋಲ್ಗಾದ ನರ್ಸಿಗೂ ಅಕ್ರಾದ ನರ್ಸಿಗೂ ಒಂದೇ ಸಾಲು ಎಂಬುದು ಆ ಮರದ ಕೆಳಗೆ ಗೊತ್ತಿದ್ದದ್ದು ನನಗೊಬ್ಬಳಿಗೆ. ನನ್ನ ಸಂಬಳವೂ ನಿನ್ನದಕ್ಕಿಂತ ಹೆಚ್ಚು ಕಡಿಮೆಯಲ್ಲ. ನನಗೆ ಬಾಡಿಗೆಯಿಲ್ಲ. ಹಿತ್ತಲಲ್ಲಿ ಬೆಂಡೆ ಇದೆ, ಹೊಲದ ಸಜ್ಜೆ ಆರು ತಿಂಗಳು ಬರುತ್ತದೆ. ಸಂತೆಯಲ್ಲಿ ಬಟ್ಟಲು ತುಂಬಿದ ಮೇಲೂ ಮುದುಕಿಯರು ಒಂದು ಹಿಡಿ ಸುರಿಯುತ್ತಾರೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ನಿನ್ನ ಹೆಸರಿನ ಕಲ್ಲು ನನ್ನ ಮುಂದೆ ಬರುತ್ತಿತ್ತು. ನಾನು ಸೆರಗಿಗೆ ಅಂಟಿದ ಹುಲ್ಲುಮುಳ್ಳು ಕೀಳುತ್ತಾ ಕೂತಿದ್ದೆ. ನಲವತ್ತೆಂಟು ವರ್ಷದವಳು, ಮಕ್ಕಳಿಗೆ ಪದ್ಯ ಕಲಿಸುವವಳು, ಮುಳ್ಳು ಕೀಳುತ್ತಾ ಕೂತಿದ್ದೆ.

ಆ ರಾತ್ರಿ ನೀನು ಫೋನು ಮಾಡಿ, ನಾಲ್ಕು ಎಂದು ಕೇಳಿ, ಆಗಲಿ ಎಂದು ನಕ್ಕೆ. ಆಮೇಲೆ ಮೂರು ವಾರ ನಿನ್ನ ಫೋನು ಬರಲಿಲ್ಲ.

ಹೋದ ವಾರ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಅಕ್ರಾಕ್ಕೆ ಕರೆದಿದ್ದರು. ನಿನಗೆ ಹೇಳಲಿಲ್ಲ. ಬೆರಗುಗೊಳಿಸೋಣ ಎಂದುಕೊಂಡಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನೋಡೋಣ ಎಂದುಕೊಂಡಿದ್ದೆ, ಅಷ್ಟೆ. ಪಾರ್ಸೆಲ್ಲಿಗೆಂದು ನೀನು ಕೊಟ್ಟಿದ್ದ ವಿಳಾಸ ಹಿಡಿದು, ಸಜ್ಜೆಹಿಟ್ಟು, ಒಣಗಿಸಿದ ಬೆಂಡೆ ಹೊತ್ತುಕೊಂಡು ಅಕ್ರಾದ ಅಂಚಿನ ಅಶೈಮಾನಿನ ಆ ವಠಾರಕ್ಕೆ ಬಂದಾಗ ಸಂಜೆ ಐದು. ನೀನು ಆಗಷ್ಟೇ ರಾತ್ರಿಪಾಳಿಗೆ ಹೊರಟಿದ್ದೆಯಂತೆ. ಪಕ್ಕದ ಬಾಗಿಲಿನ ಡೆಡೆ, ಕೆಂಕೆ ಉಂಡೆ ಬೇಯಿಸಿ ಕರಿದ ಮೀನಿನ ಜೊತೆ ಮಾರುವವಳು, ನಿನ್ನ ಕೋಣೆಯ ಪರದೆ ಸರಿಸಿ ತೋರಿಸಿದಳು.

ಹಾಸಿಗೆ ಒಂದೇ. ನೀನು ಎದ್ದುಹೋದ ಜಾಗದಲ್ಲಿ ಇನ್ನೊಬ್ಬಳು ಆಗಲೇ ನಿದ್ದೆ ಹೋಗಿದ್ದಳು, ನರ್ಸಿನ ಉಡುಪಿನಲ್ಲೇ. ಇನ್ನಿಬ್ಬರದು ನೆಲದ ಮೇಲಿನ ಚಾಪೆಗಳು. ಹಳೆಯ ಮನೆಯ ಮಾಲೀಕ ಎರಡು ವರ್ಷದ ಬಾಡಿಗೆ ಒಟ್ಟಿಗೇ ಕೇಳಿದ ಮೇಲೆ ನೀನು ಇಲ್ಲಿಗೆ ಬಂದದ್ದು, ಹಗಲು ಹಾಸಿಗೆ ಸಿಗಲಿ ಎಂದು ರಾತ್ರಿಪಾಳಿಯನ್ನೇ ಕೇಳಿ ಹಾಕಿಸಿಕೊಳ್ಳುವುದು, ಎಲ್ಲವನ್ನೂ ಡೆಡೆ ಮೀನು ಕರಿಯುತ್ತಲೇ ಹೇಳಿದಳು. ಕಕ್ಕಸು ಎಲ್ಲಿ ಎಂದು ಕೇಳಿದೆ. ಬೀದಿಯ ಕೊನೆಗೆ ಕೈ ತೋರಿಸಿ, “ಚಿಲ್ಲರೆ ಇದ್ಯಾ ಅಕ್ಕ? ಇಲ್ಲಿ ತಿನ್ನೋಕೂ ಕೊಡ್ಬೇಕು, ಬಿಡೋಕೂ ಕೊಡ್ಬೇಕು” ಎಂದಳು. ನಾನು ನಕ್ಕೆ. ನಿನ್ನ ಹಾಗೆಯೇ ನಕ್ಕೆ ಅನ್ನಿಸಿತು.

ನಿನ್ನ ಸಾಮಾನೆಲ್ಲ ಅವ್ವ ಹೆಣೆದ ಬುಟ್ಟಿಯಲ್ಲಿತ್ತು. ಇಲಿಗೆ ಸಿಗದಿರಲಿ ಎಂದು ನೀನು ಅದನ್ನು ಸೂರಿಗೆ ಕಟ್ಟಿ ತೂಗುಬಿಟ್ಟಿದ್ದೆ. ಅದನ್ನು ನೋಡಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ನೀನು ಬರುವ ತನಕ ಕಾಯಬಹುದಿತ್ತು. ಹಿಟ್ಟು, ಬೆಂಡೆ ಡೆಡೆಯ ಕೈಗಿಟ್ಟು ಓಡಿಬಂದೆ. ಬಸ್ಸಿನವನು ತಂದುಕೊಟ್ಟ ಎಂದು ನಿನಗೆ ಹೇಳಲು ಅವಳಿಗೆ ನಾನೇ ಹೇಳಿದ್ದೆ. ಬೇಜಾರು ಮಾಡಿಕೊಳ್ಳಬೇಡ.

ಊರಿಗೆ ಬಂದವಳೇ ದೊಡ್ಡಪ್ಪನ ಅಂಗಳಕ್ಕೆ ಹೋದೆ. ಬೇವಿನ ಕೆಳಗೆ ಕಲ್ಲುಗಳು ಇಟ್ಟ ಹಾಗೆಯೇ ಇದ್ದವು. ಹಾಸಿಗೆಯ ಮಾತು ಎತ್ತಲಿಲ್ಲ. ಸಂಬಳ ಒಂದೇ, ಅಲ್ಲಿಯ ಬದುಕಿನ ಖರ್ಚು ನಾಲ್ಕು ಪಟ್ಟು, ಆದ್ದರಿಂದ ಕಲ್ಲು ತಿರುಗಾಮುರುಗಾ ಇಡಬೇಕು ಎಂದೆ. ಅವನು ಕೋಲಾ ಬೀಜ ಜಗಿಯುತ್ತಾ, “ಅಕ್ರಾದಲ್ಲಿ ದುಡ್ಡಿನ ಮಳೆ ಬೀಳುತ್ತೆ ಅಂತಾರೆ. ನಿನ್ ತಂಗಿ ಒಬ್ಳೇ ಕೊಡೆ ಹಿಡ್ಕೊಂಡಿದ್ಲೇನೇ?” ಎಂದ. ಅಂಗಳವೆಲ್ಲ ನಕ್ಕಿತು. ನಾನು ಬಗ್ಗಿ ನಿನ್ನ ನಾಲ್ಕರಲ್ಲಿ ಮೂರು ಕಲ್ಲನ್ನು ನನ್ನ ಕಡೆಗೆ ಎಳೆದುಕೊಂಡೆ. ಆಗ ನಗು ನಿಂತಿತು. ನಾಲ್ಕನೆಯದನ್ನು ಬಿಟ್ಟದ್ದು, ಕಲ್ಲೇ ಇಲ್ಲದವಳ ಹೆಸರನ್ನು ಕರ್ಮದ ದಿನ ಕರೆಯುವುದಿಲ್ಲ ಎಂದು. ಅದಕ್ಕೆ ನಮ್ಮ ಹಿತ್ತಲಿನ ಬೂದು ಮೇಕೆ ಇದೆ. ನನ್ನ ಕೋಣೆಗೆ ತಗಡು ಹೊದಿಸುವುದು ಇನ್ನೆರಡು ಮಳೆಗಾಲ ತಡೆಯುತ್ತದೆ, ತಡೆಯಲಿ. ಇದನ್ನು ಉಪಕಾರ ಎಂದು ಬರೆಯುತ್ತಿಲ್ಲ. ಅಕ್ಟೋಬರಿನಲ್ಲೇ ಮಾಡಬೇಕಿದ್ದದ್ದು.

ನೀನು ಬಾ. ಸೋಪು, ಬ್ರೆಡ್ಡು, ಚಿಕ್ಕಮ್ಮಂದಿರಿಗೆ ಬಟ್ಟೆ, ಏನೂ ತರಬೇಡ. ಬಸ್ಸಿಳಿದು ಬರಿಗೈಯಲ್ಲಿ ಬಂದರೆ ಬಾವಿಯ ಹತ್ತಿರ ಎರಡು ಮಾತು ಆಡುತ್ತಾರೆ. ನಿನ್ನ ಪಕ್ಕದಲ್ಲಿ ನಾನು ನಡೆಯುತ್ತೇನೆ. ನಾನೊಬ್ಬಳೇ ಎಷ್ಟು ಕೈ ಚಾಚಿದರೂ ಆ ಬಲೆ ಇಳಿಯುವುದಿಲ್ಲ.

ನಿನ್ನ ಅಕ್ಕ,
ಲಮಿಸಿ

ಮರೆತದ್ದಲ್ಲ, ಬರೆಯಬಾರದು ಎಂದುಕೊಂಡದ್ದು: ಡೆಡೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಕೆಂಪು ಸೋಫಾ ಇತ್ತು, ಮೀನು ಇಡುವ ಆ ದೊಡ್ಡ ಫ್ರಿಜ್ಜೂ ಇತ್ತು. ನಾನು ಅದನ್ನೇ ನೋಡುತ್ತಾ ನಿಂತದ್ದನ್ನು ಅವಳು ಕಂಡಳು. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಾಗಿಲಿನ ತನಕ ಬಂದು ಹೀಗೆಂದಳು: “ಬರ್ತೀನಿ ಅಂತ ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕ? ಊರಿಂದ ಯಾರಾದ್ರೂ ಬಂದ್ರೆ ಇದೇ ನನ್ ಮನೆ ಅಂತ ತೋರಿಸ್ತೀನಿ ಅಂದು, ಪೋಕಾ ನನ್ ಬೀಗದ ಕೈ ಒಂದನ್ನ ಇಸ್ಕೊಂಡಿದ್ದಾಳೆ. ನಾಲ್ಕು ವರ್ಷ ಆಯ್ತು. ಯಾರೂ ಬರ್ಲೇ ಇಲ್ಲ.”