ಇವತ್ತು ನೆಟ್ ಎಲ್ಲ ಅಮ್ಮನಿಗೆ

ಅಮ್ಮಾ,

ನಾನು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಇವತ್ತು ಮತ್ತೆ ಸೇರ್ತಿದ್ದೀಯ, ನಿನಗಿಂತ ನನಗೇ ಸಡಗರ!

ನೀನು ಮನೆಯಿಂದಲೇ ನಡೆಸೋ ಕಂಪ್ಯೂಟರ್ ಇರೋದು ಆಫೀಸಲ್ಲಿ. ನಮ್ಮ ಲ್ಯಾಪ್‌ಟಾಪಲ್ಲಿ ಕಾಣೋದು ಅದರ ಚಿತ್ರ ಮಾತ್ರ, ಅದಕ್ಕೇ ನೆಟ್ ಗಟ್ಟಿಯಾಗಿರಬೇಕು. ವೈಫೈ ನಂಬಬೇಡ, ಕೇಬಲ್ ಎಳೆದು ಸಿಕ್ಕಿಸಿದ್ದೀನಿ. ಹಾಲ್‌ನಲ್ಲಿ ಅದಕ್ಕೆ ಎಡವಿ ಬೀಳಬೇಡ ತಾಯೀ!

ಅಪ್ಪನ ಟಿವಿಯ ನೆಟ್ ತೆಗೆದೆ. ಅಜ್ಜಿ ಮಾತ್ರ ಫೋನಲ್ಲಿ ವಿಡಿಯೋ ನೋಡೋದು ಬಿಡಲ್ಲ ಅಂದ್ರು, ಅದಕ್ಕೆ ಅಜ್ಜಿಯನ್ನೇ ಹೊರಗೆ ಕರ್ಕೊಂಡು ಹೊರಟೆ.

ನಡುವೆ ಪರದೆ ನಿಂತುಹೋದ್ರೆ ಗಾಬರಿಯಾಗಬೇಡ, ಮತ್ತೆ ಲಾಗಿನ್ ಆಗು. ಬಿಟ್ಟ ಕೆಲಸ ಬಿಟ್ಟಲ್ಲೇ ನಿನಗೋಸ್ಕರ ಕಾಯ್ತಿರುತ್ತೆ.

ನಾವು ಮೂವರೂ ಎದುರಿನ ಪಾರ್ಕಲ್ಲಿರ್ತೀವಿ. ಊಟದ ಹೊತ್ತಿಗೆ ಬಾಲ್ಕನಿಗೆ ಬಂದು ಕೈ ಬೀಸು. ಅಪ್ಪ ಈಗಲೇ ಮೆಟ್ಟಿಲ ಮೇಲೆ ನಿಂತು ಸಿಳ್ಳೆ ಅಭ್ಯಾಸ ಮಾಡ್ತಿದ್ದಾರೆ!