ಕ್ಲಚ್ ಇಲ್ಲದ ಗಾಡಿ

ರೀ,

ಆ ಗಾಡಿ ತಂದ ದಿನ ನೆನಪಿದೆಯಾ? ಹ್ಯಾಂಡ್‌ಪೋಸ್ಟ್ ಸರ್ಕಲ್‌ನಲ್ಲಿ ಕ್ಲಚ್ ತಪ್ಪಿ ಹಳೇ ಕಾರನ್ನು ಆಫ್ ಮಾಡಿಕೊಂಡು ಬಸ್ ಡ್ರೈವರ್‌ನಿಂದ ನಾನು ಬೈಸಿಕೊಂಡೆ ಅಂತ, ಅದನ್ನು ಕೊಟ್ಟು ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ತಂದಿರಿ. 'ಇನ್ಮೇಲೆ ಸರಗೂರಿಗೆ ಡ್ಯೂಟಿಗೆ ನೀನೇ ಓಡ್ಸ್ಕೊಂಡ್ ಹೋಗು' ಅಂದಿರಿ. ಕ್ಲಚ್ ಇಲ್ಲದೆ ನಿಲ್ಲಿಸಿದರೆ ಎಂಜಿನ್ ಯಾಕೆ ಆಫ್ ಆಗಲ್ಲ ಅಂತ ಕೇಳಿದೆ. 'ಕೇಳ್ಕೊಂಡ್ ಬತ್ತೀನಿ ತಡಿಯೇ' ಅಂದಿರಿ. ಕೇಳಿಕೊಂಡು ಬರುವಷ್ಟರಲ್ಲಿ ನೀವೇ ಇಲ್ಲವಾದಿರಿ.

ಹೋದ ವಾರ ನಿಮ್ಮ ತಮ್ಮ ಮಾದೇವ ಅದನ್ನು ಮಾರೋಣ ಅಂತ ಬಂದ. ನೀವು ಹೋದಾಗಿನಿಂದ ನಿಂತಲ್ಲೇ ನಿಂತಿದ್ದ ಗಾಡಿ ಸ್ಟಾರ್ಟ್ ಆಗಲಿಲ್ಲ. ನಿಮ್ಮ ಮನೆಯವರಿಗೆ ಗೊತ್ತಿರುವುದು ಒಂದೇ ಮದ್ದು, ತಳ್ಳುವುದು! ಬೀದಿಯವರನ್ನೆಲ್ಲ ಕೂಗಿ 'ತಳ್ರಲಾ' ಅಂತ ಗುಡಿವರೆಗೂ ತಳ್ಳಿಸಿದ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಎಂಜಿನ್ ಕಮಕ್ ಕಿಮಕ್ ಅನ್ನಲಿಲ್ಲ. 'ಸತ್ತೋಗೈತೆ ಕಣತ್ತಿಗೆ, ಬಂದಷ್ಟಕ್ಕೆ ಮಾರ್ಬುಡಿ. ಒಬ್ರೇ ಇದ್ದೀರಿ, ನಿಮಗ್ಯಾಕೆ ಗಾಡಿ?' ಅಂದ. ನೀವು ನನಗಾಗಿ ತಂದ ಕೊನೆಯ ವಸ್ತು ಅದು. ಹೇಗೆ ಕೊಡಲಿ ಹೇಳಿ?

ಮೆಕ್ಯಾನಿಕ್ ಇರ್ಫಾನ್ ಬಂದವನು ನಕ್ಕುಬಿಟ್ಟ. 'ಬ್ಯಾಟ್ರಿ ಅಷ್ಟೇ ಕಣಕ್ಕಾ. ಇದು ತಳ್ಳುದ್ರೆ ಸ್ಟಾರ್ಟ್ ಆಗಾಕಿಲ್ಲ, ಚಕ್ರ ತಿರುಗುದ್ರೂ ಎಂಜಿನ್ ತಿರುಗಾಕಿಲ್ಲ.' ನೀವು ಕೇಳಿಕೊಂಡು ಬರಬೇಕಿದ್ದುದನ್ನು ನಾನೇ ಕೇಳಿದೆ. ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಡಬ್ಬಿ ಇದೆಯಂತೆ, ಟಾರ್ಕ್ ಕನ್ವರ್ಟರ್ ಅಂತ. ಒಳಗೆ ಎದುರುಬದುರಾಗಿ ಎರಡು ರೆಕ್ಕೆಚಕ್ರ. ಎಂಜಿನ್ ಕಡೆಯದು ತಿರುಗಿ ಎಣ್ಣೆ ಎರಚುತ್ತೆ, ಆ ರಭಸಕ್ಕೆ ಗೇರ್ ಕಡೆಯದೂ ತಿರುಗುತ್ತೆ. ನಡುವಿನ ಇನ್ನೊಂದು ಚಿಕ್ಕ ಚಕ್ರ ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸುತ್ತೆ. ಹೊರಡುವಾಗ ಗಾಡಿಗೆ ಹೆಚ್ಚಿನ ಬಲ ಬರುವುದು ಅದರಿಂದ. ಬ್ರೇಕ್ ಹಿಡಿದರೆ ಗೇರ್ ಕಡೆಯದು ನಿಲ್ಲುತ್ತೆ, ಎಂಜಿನ್ ಕಡೆಯದು ಎಣ್ಣೆಯೊಳಗೆ ತನ್ನ ಪಾಡಿಗೆ ತಿರುಗುತ್ತಿರುತ್ತೆ. ಅದಕ್ಕೇ ಆಫ್ ಆಗಲ್ಲ. ಎಷ್ಟು ಸರಳ ಅಲ್ವಾ? ಒಳಗೆ ಓಡಿಬಂದೆ, ನಿಮಗೆ ಹೇಳೋಣ ಅಂತ. ಇಷ್ಟು ಸಣ್ಣ ಸಂಗತಿ ಹೇಳುವುದಕ್ಕೂ ಮನೆಯಲ್ಲಿ ಯಾರೂ ಇಲ್ಲ. ತುಂಬಾ ಒಂಟಿ ಅನ್ನಿಸುತ್ತೆ ರೀ.

ಹೊಸ ಬ್ಯಾಟರಿ ಹಾಕಿಸಿ ಇವತ್ತು ಸರಗೂರಿಗೆ ಡ್ಯೂಟಿಗೆ ನಾನೇ ಓಡಿಸಿಕೊಂಡು ಹೋಗಿ ಬಂದೆ. ದಾರಿಯುದ್ದಕ್ಕೂ ಎಡಗಾಲು ಇಲ್ಲದ ಕ್ಲಚ್ ಹುಡುಕುತ್ತಿತ್ತು. ಹಸು ಅಡ್ಡ ಬಂದಾಗ ಗಕ್ಕನೆ ಬ್ರೇಕ್ ಹಿಡಿದೆ, ಎಂಜಿನ್ ಆಫ್ ಆಗಲೇ ಇಲ್ಲ. ಹಸು ಹೋಯಿತು. ಬ್ರೇಕ್ ಬಿಟ್ಟೆ, ಆಕ್ಸಿಲರೇಟರ್ ಮುಟ್ಟುವ ಮೊದಲೇ ಗಾಡಿ ಮೆಲ್ಲಗೆ ಮುಂದೆ ತೆವಳಿತು. ಪಕ್ಕದ ಸೀಟು ನೋಡಿ ಅತ್ತುಬಿಟ್ಟೆ.

ನಾಳೆ ಬೆಳಿಗ್ಗೆ ಮಾದೇವ ಪಿರಿಯಾಪಟ್ಟಣದಿಂದ ಗಿರಾಕಿ ಕರೆದುಕೊಂಡು ಬರುತ್ತಾನಂತೆ. ಬರಲಿ. ಅಷ್ಟೊತ್ತಿಗೆ ಗಾಡಿ ಸರಗೂರಿನಲ್ಲಿರುತ್ತೆ, ನಾನೂ.

ನಿಮ್ಮ
ಜಯ